ಊಟದ ಬುಟ್ಟಿಯೂ ಶೋಕಿಯೇ?

ಬರಹಗಾರರಿಗೆ ತಿಂಗಳುಗಟ್ಟಲೆ ಕೋಣೆ, ಊಟ ಕೊಟ್ಟು ಕೂರಿಸುವುದು ಬರೀ ಶೋಕಿ, ನಿಜವಾದ ಲೇಖಕ ಸಂತೆಯಲ್ಲೂ ಬರೆಯುತ್ತಾನೆ ಎಂಬ ಕಳೆದ ವಾರದ ಲೇಖನ ಓದಿದೆ. ಬರೆದಾನು, ಮನೆಯಲ್ಲಿ ಒಲೆ ಮುಂದೆ ಇನ್ನೊಬ್ಬರಿದ್ದರೆ! ಆ ಇನ್ನೊಬ್ಬಳಿಗೇ ಬರೆಯುವುದಿದ್ದರೆ?

ಅಮೆರಿಕದಲ್ಲಿ 1907ರಲ್ಲಿ ಶುರುವಾದ, ಬರಹಗಾರರಿಗೂ ಕಲಾವಿದರಿಗೂ ಇಂಥದೇ ಕೋಣೆ, ಊಟ ಕೊಡುವ ಮ್ಯಾಕ್‌ಡೊವೆಲ್‌ನಲ್ಲಿ ಮಧ್ಯಾಹ್ನದ ಊಟದ ಬುಟ್ಟಿಯನ್ನು ಕಲಾವಿದರ ಬಾಗಿಲಲ್ಲಿ ಸದ್ದಿಲ್ಲದೆ ಇಟ್ಟು ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ಊರೂರು ತಿರುಗಿ, ಪಿಯಾನೊ ನುಡಿಸಿ, ದುಡ್ಡು ಕೂಡಿಸಿ ಅದನ್ನು ಉಳಿಸಿದವರು ಮರಿಯನ್ ಮ್ಯಾಕ್‌ಡೊವೆಲ್. ಶೋಕಿಗೆ ಯಾರೂ ಅಷ್ಟು ಬೆವರು ಸುರಿಸುವುದಿಲ್ಲ. ನಮ್ಮ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಸಂಗಮ್ ಹೌಸ್ ಎಂಬ ವಸತಿ ಯೋಜನೆ ಬರಹಗಾರರಿಗೆ ಕೊಟ್ಟಿದ್ದೂ ಇದೇ ಬಿಡುವನ್ನು.

ತಕರಾರು ಎತ್ತುವುದಿದ್ದರೆ ಬೇರೆ ಇವೆ: ಹಳ್ಳಿ ಶಾಲೆಯ ಮೇಷ್ಟ್ರಿಗೆ ತಿಂಗಳ ರಜೆ ಕೊಡುವವರು ಯಾರು? ಎಳೆಗೂಸಿನ ತಾಯಿ ಹೋಗುವುದು ಹೇಗೆ? ಲೇಖನ ಇವನ್ನು ಮುಟ್ಟಲೇ ಇಲ್ಲ.