ಹಳೇ ಜೋಡಿಚಿತ್ರದಲ್ಲಿ ನಮ್ಮೂರು

ಕೆಲಸ ಹುಡುಕುವ ವಯಸ್ಸಿನಲ್ಲಿ ಹಳೇ ಫೋಟೊ ಕೂಡಿಡುತ್ತೇನೆ ಎಂದರೆ ಮನೆಯಲ್ಲಿ ‘ಅದರಿಂದ ಹೊಟ್ಟೆ ತುಂಬುತ್ತಾ?’ ಎಂದು ಕೇಳುತ್ತಾರೆ. ತುಂಬುವುದಿಲ್ಲ. ಆದರೂ ಸ್ಟೀರಿಯೊ ಕಾರ್ಡ್ ಸಂಗ್ರಹಕ್ಕೆ ನಮ್ಮ ಮಂಡ್ಯ ಜಿಲ್ಲೆಯ ಹುಡುಗ ಹುಡುಗಿಯರು ಕೈಹಚ್ಚಬೇಕು ಎಂಬುದು ನನ್ನ ವಾದ.

ಸ್ಟೀರಿಯೊ ಕಾರ್ಡ್ ಎಂದರೆ ಸುಮಾರು ಏಳು ಇಂಚು ಉದ್ದದ ರಟ್ಟು. ಅದರ ಮೇಲೆ ಅಕ್ಕಪಕ್ಕ ಎರಡು ಫೋಟೊ. ಒಂದೇ ಥರ ಕಂಡರೂ ಒಂದು ಎಡಗಣ್ಣಿನ ನೋಟ, ಇನ್ನೊಂದು ಬಲಗಣ್ಣಿನ ನೋಟ. ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಮಿದುಳು ಎರಡನ್ನೂ ಬೆಸೆದು ಆಳ ಕಾಣಿಸುತ್ತದೆ. ಈ ತತ್ವವನ್ನು 1838ರಲ್ಲಿ ವಿವರಿಸಿದವನು ಚಾರ್ಲ್ಸ್ ವೀಟ್‌ಸ್ಟೋನ್. ಪಿಯುಸಿಯಲ್ಲಿ ನಮ್ಮನ್ನು ಕಾಡಿದ ವೀಟ್‌ಸ್ಟೋನ್ ಬ್ರಿಡ್ಜ್‌ಗೆ ಹೆಸರು ಕೊಟ್ಟವನೂ ಅವನೇ. ಮುಂದೆ ಅಮೆರಿಕದ ಅಂಡರ್‌ವುಡ್, ಕೀಸ್ಟೋನ್ ಕಂಪನಿಗಳು ಇಂಥ ಕಾರ್ಡುಗಳನ್ನು ಲಕ್ಷಗಟ್ಟಲೆ ಮಾರಿದವು. ಇದು ಸತ್ತ ವಿದ್ಯೆ ಎಂದುಕೊಳ್ಳಬೇಡಿ. 2005ರಲ್ಲಿ ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹ ಎರಡು ಕ್ಯಾಮೆರಾಗಳಿಂದ ನೆಲದ ಏರುತಗ್ಗು ಅಳೆದದ್ದು ಇದೇ ತತ್ವದಿಂದ.

ನಮ್ಮ ಕಡೆಗೆ ಇದು ಯಾಕೆ ಬೇಕು? ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದು ಚಪ್ಪಟೆ ಗೋಡೆ, ಒಂದು ಫೋಟೊ ಸಾಕು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಸಾಲದು. ಆನೆಗಳ ಸಾಲು, ಕುದುರೆ ಸವಾರರು, ಮೇಲೆ ದೇವತೆಗಳು, ಎಲ್ಲವೂ ಕಲ್ಲಿನಿಂದ ಹೊರಗೆ ಚಾಚಿ ನಿಂತಿವೆ. ಮೊಬೈಲಿನ ಒಂಟಿ ಫೋಟೊದಲ್ಲಿ ಅದೆಲ್ಲ ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ಊರುಗಳೂ ಇದ್ದಲ್ಲಿ ಇರುವುದಿಲ್ಲ. ಹಳೇ ಕಣ್ಣಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿತು. ಟಿಪ್ಪುವಿನ ಮದ್ದಿನಮನೆಯೊಂದನ್ನು ಜೋಡಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಬೇರೆಡೆ ಇಟ್ಟರು. ಮೊದಲು ಅದರ ಸುತ್ತ ಏನಿತ್ತು, ಎಷ್ಟು ದೂರದಲ್ಲಿತ್ತು ಎಂಬುದನ್ನು ಒಂಟಿ ಫೋಟೊಗಿಂತ ಜೋಡಿಚಿತ್ರ ಚೆನ್ನಾಗಿ ಹೇಳುತ್ತದೆ.

ದುಡ್ಡಿಲ್ಲದೆಯೂ ಶುರುಮಾಡಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸ್ಟೀರಿಯೊ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ತೋರಿಸುತ್ತದೆ. ಹುಡುಕುವಾಗ ಈಗಿನ ಹೆಸರಷ್ಟೇ ಹಾಕಬೇಡಿ. ಬ್ರಿಟಿಷರ ಬಾಯಲ್ಲಿ ಶ್ರೀರಂಗಪಟ್ಟಣ ‘ಸೆರಿಂಗಪಟಂ’, ಪಾಂಡವಪುರ ‘ಫ್ರೆಂಚ್ ರಾಕ್ಸ್’. ಭಾರತ ಎಂದು ಹುಡುಕಿದರೆ ನನಗೆ ಸಿಕ್ಕಿದ್ದು ಹೆಚ್ಚಾಗಿ ತಾಜ್‌ಮಹಲ್, ಕಾಶಿಯ ಘಾಟು, ಆನೆ. ನಾಗಮಂಗಲ ಸಿಗಲೇ ಇಲ್ಲ.

ದುಡ್ಡು ಕೊಟ್ಟು ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಫೋಟೊ ಅಲ್ಲ, ಅಚ್ಚು ಹಾಕಿದ್ದು. ಎರಡೂ ಚಿತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ ಆಳ ಕಾಣದು. ಕಾರ್ಡು ಬಾಗಿದ್ದರೆ ಒತ್ತಿ ನೇರ ಮಾಡಬೇಡಿ, ಎಷ್ಟೋ ಕಾರ್ಡುಗಳನ್ನು ಬಾಗಿಸಿಯೇ ಮಾಡುತ್ತಿದ್ದರು. ಮತ್ತೆ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ಮಾರ್ಕ್ಸ್ ಕಾರ್ಡಿಗೆ ಮಾಡಿಸಿದಂತೆ ಇದಕ್ಕೂ ಮಾಡಿಸಿದರೆ ಆ ಬಿಸಿಗೆ ಫೋಟೊ ಹಾಳು.

ಸಿಗದ ನಾಗಮಂಗಲವನ್ನು ನಾವೇ ತೆಗೆಯಬಹುದು. ಸೌಮ್ಯಕೇಶವ ದೇವಸ್ಥಾನದ ಎದುರು ನಿಂತು ಮೊಬೈಲಿನಲ್ಲಿ ಒಂದು ಫೋಟೊ, ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು. ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಊರು, ತಾರೀಖು, ನಿಂತ ಜಾಗ ಬರೆದಿಡಿ. ಕನ್ನಡದಲ್ಲೇ.