ಸೋಲುವ ತಂಡವೂ ನೋಡುವವರ ನಾಲಗೆಯೂ

ಆಡುವವರು ಹನ್ನೊಂದು ಮಂದಿ. ತೀರ್ಪು ಹೇಳುವವರು ಊರೆಲ್ಲ. ಶೇಡಬಾಳದ ಸ್ಟೇಶನ್ನಿನಲ್ಲಿ ಮಿರಜ ಗಾಡಿಯ ದಾರಿ ಕಾಯುವವರಲ್ಲಾಗಲಿ, ಕಬ್ಬಿನ ಹೊಲದಿಂದ ಮರಳುವವರಲ್ಲಾಗಲಿ, ಮದುವೆಯ ಪಂಕ್ತಿಯಲ್ಲಿ ಕುಳಿತವರಲ್ಲಾಗಲಿ ಬೆಂಗಳೂರಿನ ಕ್ರಿಕೆಟ್ ತಂಡದ ಮಾತು ಬಂದಿತೆಂದರೆ ಅಭಿಪ್ರಾಯವಿಲ್ಲದ ಮನುಷ್ಯನು ಸಿಕ್ಕುವದು ಕಠಿಣ. ಯಾರನ್ನು ತೆಗೆಯಬೇಕು, ಯಾರನ್ನು ತರಬೇಕು, ತರಬೇತುದಾರನಿಗೆ ಏನು ತಿಳಿಯುತ್ತದೆ ಎಂಬದೆಲ್ಲ ಅರೆಗಳಿಗೆಯಲ್ಲಿ ನಿರ್ಣಯವಾಗಿ ಹೋಗುವದು. ಹೀಗೆ ಮಾತಾಡುವದು ತಪ್ಪೆಂದು ಹೇಳುವದಕ್ಕೆ ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಪ್ರೀತಿಯಿದ್ದಲ್ಲಿ ಮಾತು ಇದ್ದೇ ಇರುವದು. ಆದರೆ ಆ ಮಾತು ಎಂತಹದಿರಬೇಕು, ಅದನ್ನು ಕೇಳುತ್ತ ಮಗ್ಗುಲಲ್ಲಿ ಕುಳಿತ ನಮ್ಮ ಹೆಣ್ಣುಮಕ್ಕಳು ಅದರಿಂದ ಏನನ್ನು ಕಲಿಯುವರು ಎಂಬದು ಹೆಣ್ಣುಮಕ್ಕಳ ಶಾಲೆಗೆ ಸಂಬಂಧಪಟ್ಟ ವಿಷಯವಾದುದರಿಂದ, ಪಾಲಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಓದುವ ಈ ಸಂಚಿಕೆಯಲ್ಲಿ ಅದನ್ನು ವಿಚಾರಿಸುವದು ಅನುಚಿತವಾಗಲಾರದು.

ದೃಷ್ಟಾಂತಕ್ಕೆ ಬೆಂಗಳೂರಿನ ಹೆಣ್ಣುಮಕ್ಕಳ ತಂಡವನ್ನೇ ತೆಗೆದುಕೊಳ್ಳುವೆನು. ಮಹಿಳಾ ಪ್ರೀಮಿಯರ್ ಲೀಗ್ ಎಂಬ ಸ್ಪರ್ಧೆಯು 2023ರ ಮಾರ್ಚ ತಿಂಗಳಲ್ಲಿ ಮೊದಲ ಸಲ ನಡೆಯಿತು. ಅದಕ್ಕಾಗಿ ಫೆಬ್ರುವರಿ 13ರಂದು ಮುಂಬಯಿಯಲ್ಲಿ ಜರುಗಿದ ಹರಾಜಿನಲ್ಲಿ ರಾಯಲ್ ಚಾಲೆಂಜರ್ಸ್ ತಂಡದವರು ಸ್ಮೃತಿ ಮಂಧಾನ ಅವರನ್ನು 3 ಕೋಟಿ 40 ಲಕ್ಷ ರೂಪಾಯಿಗೆ ಪಡೆದುಕೊಂಡು ನಾಯಕಿಯನ್ನಾಗಿ ಮಾಡಿದರು. ಆ ದಿವಸ ಅಷ್ಟು ಬೆಲೆಯು ಬೇರೆ ಯಾರಿಗೂ ಬರಲಿಲ್ಲ. ಸ್ಮೃತಿಯವರು ನಮಗೆ ದೂರದವರಲ್ಲ. ಅವರು ಬೆಳೆದದ್ದು ಸಾಂಗಲಿಯಲ್ಲಿ. ಇಲ್ಲಿಂದ ಗಾಡಿಯಲ್ಲಿ ಕುಳಿತು ಮಿರಜ ದಾಟಿದರೆ ಬರುವ ಊರದು. ಅವರ ಸಂಗಡ ಆಸ್ಟ್ರೇಲಿಯದ ಎಲಿಸ್ ಪೆರಿ, ನ್ಯೂಜಿಲೆಂಡಿನ ಸೋಫಿ ಡಿವೈನ್ ಮೊದಲಾದ ಹೆಸರುವಾಸಿಯಾದ ಆಟಗಾರ್ತಿಯರಿದ್ದರು. ಇಷ್ಟಿದ್ದ ಮೇಲೆ ಗೆಲುವು ಕೈಯೊಳಗೇ ಇದೆಯೆಂದು ಅಭಿಮಾನಿಗಳು ತಿಳಿದದ್ದು ಸಹಜ.

ಆದದ್ದು ಬೇರೆ. ಮಾರ್ಚ 5ರಂದು ದಿಲ್ಲಿಯ ತಂಡದವರು 223 ರನ್ನು ಕೂಡಿಸಿ, 60 ರನ್ನುಗಳಿಂದ ಗೆದ್ದರು. ಅಂದಿನಿಂದ ಒಂದರ ಹಿಂದೆ ಒಂದರಂತೆ ಐದು ಪಂದ್ಯಗಳು ಕೈಬಿಟ್ಟವು. ಮೊದಲನೆಯ ಗೆಲುವು ಬಂದದ್ದು ಮಾರ್ಚ 15ರಂದು. ಅದೂ ದೊಡ್ಡ ಬೆಲೆಯವರಿಂದಲ್ಲ, ಕನಿಕಾ ಅಹುಜಾ ಎಂಬ ತರುಣಿಯು 30 ಚೆಂಡುಗಳಲ್ಲಿ 46 ರನ್ನು ಹೊಡೆದದ್ದರಿಂದ. ಆ ಪಂದ್ಯಕ್ಕೆ ಮುಂಚೆ ವಿರಾಟ ಕೊಹ್ಲಿಯವರು ತಂಡದ ಬಳಿಗೆ ಹೋಗಿ, 15 ವರ್ಷ ಆಡಿಯೂ ಕಪ್ಪನ್ನು ಗೆಲ್ಲದಿರುವ ತಾವು ಪ್ರತಿವರ್ಷವೂ ಉತ್ಸಾಹದಿಂದಲೇ ಆಟಕ್ಕೆ ಬರುವದಾಗಿ ಹೇಳಿ ಧೈರ್ಯ ತುಂಬಿದ್ದರು. ಕಡೆಗೆ ಎಂಟು ಪಂದ್ಯಗಳಲ್ಲಿ ಎರಡನ್ನು ಗೆದ್ದು, ಐದು ತಂಡಗಳಲ್ಲಿ ನಾಲ್ಕನೆಯದಾಗಿ ಅವರು ಮನೆಗೆ ಮರಳಿದರು. ನಾಯಕಿಯು ಎಂಟೂ ಪಂದ್ಯಗಳಿಂದ ಕೂಡಿಸಿದ್ದು 149 ರನ್ನು. ಅದರಲ್ಲಿ ಒಂದು ಅರ್ಧಶತಕವೂ ಇರಲಿಲ್ಲ.

ಆಗ ಆಡಿದ ಮಾತುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡೋಣ. ಸ್ಮೃತಿಯವರು ಆಫ್ ಸ್ಪಿನ್ ಚೆಂಡಿಗೆ ಮೇಲಿಂದ ಮೇಲೆ ಔಟಾಗುತ್ತಿದ್ದಾರೆ ಎಂದು ಕೆಲವರು ತೋರಿಸಿದರು. ಇದು ಒಳ್ಳೆಯ ಟೀಕೆ. ಯಾಕಂದರೆ ಇದರಲ್ಲಿ ತಪ್ಪು ಎಲ್ಲಿದೆಯೆಂಬದು ತಿಳಿಯುವದು, ತಿದ್ದಿಕೊಳ್ಳುವದಕ್ಕೂ ದಾರಿ ಇರುವದು. ಬೌಲಿಂಗು ಸಾಲದು, ತಂಡವನ್ನು ಆರಿಸುವಾಗಲೇ ಎಡವಿದ್ದಾರೆ ಎಂದರು ಕೆಲವರು. ಇದೂ ವಿಚಾರದ ಮಾತೇ. ಆದರೆ ಇದರ ಉತ್ತರವನ್ನು ಹರಾಜಿನ ಮೇಜಿಗೆ ಕುಳಿತವರಿಂದ ಕೇಳಬೇಕೇ ಹೊರತು ಬ್ಯಾಟು ಹಿಡಿದವಳಿಂದ ಅಲ್ಲ. ‘ಮೂರು ಕೋಟಿ ಕೊಟ್ಟದ್ದು ಯಾತಕ್ಕೆ?’ ಎಂದರು ಹಲವರು. ಬೆಲೆಯನ್ನು ಕಟ್ಟಿದವರು ಕೊಳ್ಳುವವರು. ಸ್ವತಃ ಆಟಗಾರ್ತಿಯು ಕೂಗಿದ ಬೆಲೆಯಲ್ಲ ಅದು. ಇನ್ನು ಕಡೆಯ ಗುಂಪಿನವರ ಮಾತು: ‘ಹೆಂಗಸರಿಗೆ ಈ ಆಟ ಯಾತಕ್ಕೆ, ಅಡಿಗೆಮನೆಗೆ ಹೋಗಲಿ.’ ಈ ಕಡೆಯ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕಾಗಿದೆ.

2017ರ ಏಪ್ರಿಲ 23ರಂದು ಕಲಕತ್ತೆಯಲ್ಲಿ ಇದೇ ಬೆಂಗಳೂರಿನ ಗಂಡಸರ ತಂಡವು ಕೇವಲ 49 ರನ್ನಿಗೆ ಮುಗಿಯಿತು. ಹನ್ನೊಂದು ಮಂದಿಯಲ್ಲಿ ಒಬ್ಬನಾದರೂ ಹತ್ತು ರನ್ನು ಮುಟ್ಟಲಿಲ್ಲ. ಜನರು ಸಿಟ್ಟಾದರು, ನಕ್ಕರು, ಬೈದರು. ಆದರೆ ಗಂಡಸರು ಕ್ರಿಕೆಟ್ ಆಡಲೇಬಾರದೆಂದು ಒಬ್ಬನಾದರೂ ಅಂದನೇ? ಗಂಡಸು ಸೋತರೆ ಅವನ ಆಟ ಕೆಟ್ಟಿದೆ ಎನ್ನುವರು. ಹೆಣ್ಣು ಸೋತರೆ ಅವಳು ಮೈದಾನಕ್ಕೆ ಬಂದದ್ದೇ ತಪ್ಪು ಎನ್ನುವರು. ಮೊದಲನೆಯದು ಟೀಕೆ. ಎರಡನೆಯದು ಬಾಗಿಲು ಮುಚ್ಚುವ ಕೆಲಸ. ಈ ಭೇದವನ್ನು ಅರಿತುಕೊಂಡರೆ ಈ ವಿಷಯದ ಅರ್ಧವನ್ನು ಅರಿತಂತೆಯೇ ಸರಿ.

ಮುಂದಿನ ಸಂಗತಿಯು ಎಲ್ಲರಿಗೂ ಗೊತ್ತಿದ್ದದ್ದೇ. 2024ರ ಸ್ಪರ್ಧೆಗೆ ತರಬೇತುದಾರರು ಬದಲಾದರು. ಬೆನ್ ಸಾಯರ್ ಅವರ ಸ್ಥಾನಕ್ಕೆ ಆಸ್ಟ್ರೇಲಿಯದ ಲ್ಯೂಕ್ ವಿಲಿಯಮ್ಸ್ ಬಂದರು. ಕೆಲವು ಹೊಸ ಆಟಗಾರ್ತಿಯರು ಸೇರಿದರು. ಆದರೆ ನಾಯಕಿ ಸ್ಮೃತಿಯವರೇ ಉಳಿದರು. ಪೆರಿ, ಡಿವೈನ್, ರಿಚಾ ಘೋಷ್, ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ, ಕೇರಳದ ಆಶಾ ಶೋಭನಾ, ಇವರೆಲ್ಲ ಹಿಂದಿನ ವರ್ಷ ಸೋತ ತಂಡದಲ್ಲಿದ್ದವರೇ. ಮಾರ್ಚ 15ರಂದು ಮುಂಬಯಿಯವರಿಗೆ ಕೊನೆಯ ಓವರಿನಲ್ಲಿ 12 ರನ್ನು ಬೇಕಾಗಿದ್ದಾಗ ಚೆಂಡನ್ನು ಹಿಡಿದವರು ಆಶಾ. ತಂಡವು 5 ರನ್ನುಗಳಿಂದ ಉಳಿಯಿತು. ಎರಡು ದಿವಸಗಳ ಮೇಲೆ ದಿಲ್ಲಿಯಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಒಂದೂ ವಿಕೆಟ್ಟು ಬೀಳದೆ 64 ರನ್ನು ಮಾಡಿದ್ದ ಎದುರಾಳಿಗಳು 113ಕ್ಕೆ ಮುಗಿದರು. ಹೊಸದಾಗಿ ಬಂದ ಸೋಫಿ ಮೊಲಿನೂ ಒಂದೇ ಓವರಿನಲ್ಲಿ ಮೂವರನ್ನು ಕೆಡವಿದರು. ಶ್ರೇಯಾಂಕಾ 12 ರನ್ನಿಗೆ 4 ವಿಕೆಟ್ಟು ಪಡೆದರು. ಗಂಡಸರ ತಂಡಕ್ಕೆ ಅಲ್ಲಿಯ ವರೆಗೆ ದೊರೆಯದಿದ್ದ ಕಪ್ಪು ಹೆಣ್ಣುಮಕ್ಕಳ ಕೈಗೆ ಬಂತು.

ಹಾಗಾದರೆ 2023ರಲ್ಲಿ ಮಾತಾಡಿದವರಲ್ಲಿ ಯಾರ ಮಾತು ನಿಜವಾಯಿತು? ಕೊರತೆ ಬೌಲಿಂಗಿನಲ್ಲಿದೆ ಎಂದವರ ಮಾತು ಬಹುಮಟ್ಟಿಗೆ ನಿಜವಾಯಿತು. ಆದುದರಿಂದ ಅಭಿಮಾನಿಗಳ ಟೀಕೆಯೆಲ್ಲ ವ್ಯರ್ಥವೆಂದು ನಾನು ಹೇಳಲಾರೆನು. ಆದರೆ ನಾಯಕಿಯನ್ನು ಕಿತ್ತೊಗೆಯಿರಿ ಎಂದವರ ಕೈಗೆ ತಂಡವನ್ನು ಕೊಟ್ಟಿದ್ದರೆ, ಮುಂದಿನ ವರ್ಷ ಕಪ್ಪನ್ನು ಎತ್ತಿದವಳೇ ಅಲ್ಲಿ ಇರುತ್ತಿರಲಿಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಕಪ್ಪು ಬಂದ ದಿವಸ ಹೊಗಳಿದವರಲ್ಲಿ ಎಷ್ಟೋ ಮಂದಿ 2025ರಲ್ಲಿ ಮತ್ತೆ ಬೈಯತೊಡಗಿದರು. ಆ ವರ್ಷ ತಂಡವು ಮೊದಲೆರಡು ಪಂದ್ಯಗಳನ್ನು ಗೆದ್ದು, ಅನಂತರ ಐದನ್ನು ಸತತವಾಗಿ ಸೋತಿತು. ಅವುಗಳಲ್ಲಿ ನಾಲ್ಕು ಬೆಂಗಳೂರಿನ ಸ್ವಂತ ಅಂಗಳದಲ್ಲಿಯೇ. ಶ್ರೇಯಾಂಕಾ, ಆಶಾ, ಮೊಲಿನೂ ಈ ಮೂವರೂ ಗಾಯದ ದೆಸೆಯಿಂದ ಹೊರಗಿದ್ದರೆಂಬದನ್ನು ಲೆಕ್ಕಕ್ಕೆ ಹಿಡಿದವರು ಕೆಲವರೇ. ಹಿಂದಿನ ವರ್ಷ ಗೆಲ್ಲಿಸಿದ ಬೌಲಿಂಗಿನ ಆಧಾರವೇ ಇಲ್ಲದಿರುವಾಗ ‘ಗೆದ್ದು ಗರ್ವ ಬಂದಿದೆ’ ಎಂದು ಹೇಳಿಬಿಡುವದು ಸುಲಭ. ಕಾರಣವನ್ನು ಹುಡುಕುವದಕ್ಕೆ ಮಾತ್ರ ಸ್ವಲ್ಪ ಶ್ರಮ ಬೇಕು.

ಬೆಂಗಳೂರಿನ ಅಭಿಮಾನಿಗಳಲ್ಲಿ ಮೆಚ್ಚತಕ್ಕ ಗುಣವೂ ದೊಡ್ಡದಾಗಿದೆ. 2009, 2011, 2016 ಈ ಮೂರು ವರ್ಷ ಗಂಡಸರ ತಂಡವು ಕೊನೆಯ ಪಂದ್ಯದ ವರೆಗೆ ಬಂದು ಸೋತರೂ ‘ಈ ಸಲ ಕಪ್ ನಮ್ದೇ’ ಎಂಬ ಕೂಗನ್ನು ಅವರು ಬಿಡಲಿಲ್ಲ. 2025ರ ಜೂನ 3ರಂದು ಆ ಕೂಗು ನಿಜವಾಯಿತು. ಮರುದಿನವೇ ಬೆಂಗಳೂರಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟದ್ದರಿಂದ ಆ ಸಂತೋಷವು ದುಃಖದಲ್ಲಿ ಮುಳುಗಿತು. ಇಷ್ಟು ನಿಷ್ಠೆಯುಳ್ಳವರ ನಡುವೆಯೇ ಎಂತಹ ನಾಲಗೆಗಳಿದ್ದವೆಂಬದನ್ನೂ ಹೇಳಬೇಕು. 2021ರ ಅಕ್ಟೋಬರದಲ್ಲಿ ಶಾರ್ಜಾದಲ್ಲಿ ತಂಡವು ಸೋತಾಗ, ಒಂದು ಓವರಿನಲ್ಲಿ ಮೂರು ಸಿಕ್ಸರು ಕೊಟ್ಟ ಡ್ಯಾನ್ ಕ್ರಿಶ್ಚಿಯನ್ ಅವರ ಗರ್ಭಿಣಿಯಾದ ಸಂಗಾತಿಯನ್ನು ಮೊಬೈಲಿನಲ್ಲಿ ಹುಡುಕಿ ಬೈದರು. ಆಕೆಯನ್ನು ಇದರಿಂದ ದೂರವಿಡಿರೆಂದು ಅವರು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. 2023ರ ಮೇ ತಿಂಗಳಲ್ಲಿ ಶುಭಮನ್ ಗಿಲ್ ಶತಕ ಹೊಡೆದು ಬೆಂಗಳೂರನ್ನು ಸೋಲಿಸಿದಾಗ ಅವರ ತಂಗಿ-ಅಕ್ಕಂದಿರೆಂಬ ವಿವೇಚನೆಯಿಲ್ಲದೆ ಒಡಹುಟ್ಟಿದವಳನ್ನು ಹೀನಾಯವಾಗಿ ನಿಂದಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಂತಾಯಿತು. ಗಂಡಸು ಸೋತರೂ ಬೈಗಳು ಹೆಂಗಸಿಗೆ, ಗಂಡಸು ಗೆದ್ದರೂ ಬೈಗಳು ಹೆಂಗಸಿಗೆ. ಇದು ಆಟದ ಮೇಲಿನ ಅಭಿಮಾನವೆಂದು ಯಾವ ತಾಯಿ ಒಪ್ಪುವಳು?

ತರಬೇತುದಾರರ ವಿಷಯದಲ್ಲಿ, ಕಲಿಸುವದನ್ನೇ ವೃತ್ತಿಯಾಗಿ ಹಿಡಿದವಳಾದುದರಿಂದ ಎರಡು ಮಾತು ಹೆಚ್ಚಾಗಿ ಹೇಳಬಯಸುವೆನು. 2025ರ ವಿಶ್ವಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಂಗ್ಲೆಂಡ್ ಈ ಮೂರು ತಂಡಗಳಿಗೆ ಸಾಲಾಗಿ ಸೋತರು. ಇಂಗ್ಲೆಂಡಿನ ಎದುರಿಗೆ ಸ್ಮೃತಿಯವರು 88 ರನ್ನು ಹೊಡೆದರೂ 4 ರನ್ನುಗಳಿಂದ ಪಂದ್ಯವು ತಪ್ಪಿತು. ಅವರು ಔಟಾದ ಹೊಡೆತವನ್ನೇ ಹಿಡಿದು ಜನರು ಮಾತಾಡಿದರು. ತರಬೇತುದಾರ ಅಮೋಲ ಮಜುಮ್‌ದಾರ ಅವರು ಪ್ರಥಮ ದರ್ಜೆಯ ಆಟದಲ್ಲಿ 11,000ಕ್ಕೂ ಮಿಕ್ಕಿ ರನ್ನು ಮಾಡಿಯೂ ಭಾರತದ ಪರವಾಗಿ ಒಮ್ಮೆಯೂ ಆಡದವರು. ಅಂಥವರೇನು ಕಲಿಸುವರೆಂದು ಕೇಳುವವರು ಒಂದನ್ನು ಮರೆಯುತ್ತಾರೆ: ಮಾಡುವ ವಿದ್ಯೆ ಬೇರೆ, ಮಾಡಿಸುವ ವಿದ್ಯೆ ಬೇರೆ. ಇಂಗ್ಲೆಂಡಿನ ಪಂದ್ಯಕ್ಕೆ ಜೆಮಿಮಾ ರಾಡ್ರಿಗ್ಸ್ ಅವರನ್ನು ಹೊರಗೆ ಕೂಡ್ರಿಸಿದರು. ಮುಂದಿನ ಪಂದ್ಯಕ್ಕೇ ಮತ್ತೆ ಕರೆದರು. ಅದೇ ಜೆಮಿಮಾ ಅಕ್ಟೋಬರ 30ರಂದು ಆಸ್ಟ್ರೇಲಿಯದ ಎದುರಿಗೆ ಔಟಾಗದೆ 127 ರನ್ನು ಹೊಡೆದು, 339ರ ಗುರಿಯನ್ನು ಮುಟ್ಟಿಸಿದರು. ನವೆಂಬರ 2ರಂದು ಭಾರತವು 52 ರನ್ನುಗಳಿಂದ ವಿಶ್ವಕಪ್ಪನ್ನು ಗೆದ್ದಿತು. ತರಬೇತುದಾರನು ಕೂಡ್ರಿಸಿದವಳನ್ನು ಮರಳಿ ಕರೆಯುವ ಬಾಗಿಲು ತೆರೆದಿತ್ತು. ‘ಇವಳ ಕೈಲಾಗದು’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವನ ತೀರ್ಪಿನಲ್ಲಿ ಮರಳಿ ಕರೆಯುವ ಮಾತೇ ಇರುವದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ, ‘ಕೋಟಿಗಟ್ಟಲೆ ಹಣ ಪಡೆಯುವವರು ನಾಲ್ಕು ಮಾತು ಕೇಳಿದರೆ ಏನಾಯಿತು?’ ಎನ್ನುವವರಿರಬಹುದು. ಅವರ ಮಾತಿನಲ್ಲಿ ಸ್ವಲ್ಪ ನ್ಯಾಯವಿದೆ. ಹಣ ತೆಗೆದುಕೊಂಡು ಆಡುವವರು ಆಟದ ಟೀಕೆಯನ್ನು ಸಹಿಸಲೇಬೇಕು. ಕುಣಿಯಲಾರದವಳು ನೆಲ ಡೊಂಕೆಂದರೆ ನಾವು ಕೇಳಬೇಕಾಗಿಲ್ಲ. ಆದರೆ ಸ್ಮೃತಿಯವರಿಗೆ ನಮ್ಮ ಮನೆಯ ಮಾತು ಕೇಳಿಸುವದಿಲ್ಲ. ಕೇಳಿಸುವದು ಮಗ್ಗುಲಲ್ಲಿ ಕುಳಿತ ಹದಿಮೂರು ವರ್ಷದ ಮಗಳಿಗೆ. ಅವಳಿಗೆ ಕೋಟಿಯೂ ಇಲ್ಲ, ತರಬೇತುದಾರನೂ ಇಲ್ಲ. ಭಾರತದ ಉತ್ತಮ ಆಟಗಾರ್ತಿಯನ್ನೇ ತಂದೆಯೂ ಅಣ್ಣನೂ ಹೀಗೆ ಅನ್ನುವರಾದರೆ, ನಾಳೆ ಚೆಂಡನ್ನು ಬಿಟ್ಟ ನನ್ನನ್ನು ಏನೆಂದಾರು ಎಂದು ಅವಳು ಸುಮ್ಮನೆ ಲೆಕ್ಕ ಹಾಕುವಳು.

ಐದನೆಯ ಇಯತ್ತೆಯಲ್ಲಿ ಖೋಖೋ ಆಟಕ್ಕೆ ಮೊದಲಿಗಳಾಗಿ ಓಡಿದ ಹುಡುಗಿಯು ಎಂಟನೆಯ ಇಯತ್ತೆಗೆ ಬರುವಷ್ಟರಲ್ಲಿ ಬಯಲಿನ ಬದಿಗೆ ನಿಂತು ನೋಡುವದನ್ನು ಶಾಲೆಯವರಾದ ನಾವು ಕಾಣುತ್ತೇವೆ. ಮನೆಗೆಲಸ, ಉಡಿಗೆತೊಡಿಗೆ, ವಯಸ್ಸಿನ ನಾಚಿಕೆ ಇವು ಕಾರಣಗಳೆಂಬದು ನಿಜ. ಸೋತರೆ ನಗುವರೆಂಬ ಹೆದರಿಕೆಯೂ ಅವುಗಳ ಸಂಗಡ ಒಂದು ಕಾರಣ. ಆ ಹೆದರಿಕೆಯು ಆಟದ ಬಯಲಿನಲ್ಲಿಯೇ ನಿಲ್ಲುವದಿಲ್ಲ. ತಪ್ಪು ಉತ್ತರಕ್ಕೆ ಹೆದರಿ ವರ್ಗದಲ್ಲಿ ಕೈಯೆತ್ತದಿರುವಳು. ನಪಾಸಾಗುವದಕ್ಕೆ ಹೆದರಿ ಮುಂದಿನ ಪರೀಕ್ಷೆಗೆ ಕೂಡ್ರುವದಿಲ್ಲವೆನ್ನುವಳು.

ಆದುದರಿಂದ ಪಾಲಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ಬಿನ್ನಹವಿಷ್ಟೇ. ಪಂದ್ಯವನ್ನು ಮನೆಯವರೆಲ್ಲ ಕೂಡಿ ನೋಡಿರಿ, ಮನಸಾರೆ ಟೀಕಿಸಿರಿ. ಆದರೆ ಆಡಿದ ಹೊಡೆತವನ್ನು ಟೀಕಿಸಿರಿ, ಆಡಿದವಳ ಹೆಣ್ತನವನ್ನಲ್ಲ. ತಪ್ಪು ಆರಿಸಿದವರದೋ, ಕಲಿಸಿದವರದೋ, ಆಡಿದವರದೋ ಎಂಬದನ್ನು ಬೇರೆಮಾಡಿ ಹೇಳಿರಿ. ಒಂದು ಪಂದ್ಯದಿಂದ ಒಬ್ಬಳ ಯೋಗ್ಯತೆಯನ್ನು ತೀರ್ಮಾನಿಸಬೇಡಿರಿ. ಯಾರ ತಾಯಿ, ಹೆಂಡತಿ, ಅಕ್ಕತಂಗಿಯರನ್ನೂ ಆಟದ ಜಗಳಕ್ಕೆ ಎಳೆಯಬೇಡಿರಿ. ಮನೆಯ ಗಂಡುಮಕ್ಕಳು ಎಳೆದರೆ ಅಲ್ಲಿಯೇ ತಡೆಯಿರಿ. ಅನಂತರ ಮಗ್ಗುಲಲ್ಲಿರುವ ಮಗಳನ್ನು, ‘ನೀನಾಗಿದ್ದರೆ ಈ ಚೆಂಡನ್ನು ಹೇಗೆ ಆಡುತ್ತಿದ್ದೆ?’ ಎಂದು ಕೇಳಿರಿ. ಅವಳ ಉತ್ತರ ತಪ್ಪಾಗಿದ್ದರೂ ಕಡೆಯ ತನಕ ಕೇಳಿರಿ. ಮರುದಿನ ಅವಳು ಬಯಲಿಗೆ ಇಳಿಯುವಳೋ ಬದಿಗೆ ನಿಲ್ಲುವಳೋ ಎಂಬದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.