ವಾರಕ್ಕೊಂದು ಗಂಟೆ: ಕೆಂಪಾಪುರದ ಪೋಷಕರಲ್ಲಿ ಒಂದು ವಿಜ್ಞಾಪನೆ



ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಪ್ರತಿದಿನವೂ ನಮ್ಮ ಕೆಂಪಾಪುರದ ಶಾಲೆ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ, ದೂರದ ಹಳ್ಳಿಗಳನ್ನು ಬಿಟ್ಟು ಪಿ.ಜಿ.ಗಳಲ್ಲಿ ತಂಗಿರುವವರೆಷ್ಟೋ, ಸಂಜೆ ತಾವೇ ಬೀಗ ತೆಗೆದು ಬರಿಮನೆಯನ್ನು ಹೊಗುವವರೆಷ್ಟೋ. ಇವರ ಹಾಜರಿಯನ್ನು ಬಲ್ಲವರುಂಟು, ಅಂಕಗಳನ್ನು ಬಲ್ಲವರುಂಟು, ಫೀಸಿನ ಬಾಕಿಯನ್ನಂತೂ ಚೆನ್ನಾಗಿಯೇ ಬಲ್ಲವರುಂಟು. ಆದರೆ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ ಹಿಂದಿನ ಮೂಲೆಗೆ ಸರಿದದ್ದೇಕೆಂದು ವಿಚಾರಿಸುವ ಹಿರಿಯರಾರು?

ಏರ್ಪಾಡೇ ಇಲ್ಲವೆಂದಲ್ಲ. ಕಾಲೇಜುಗಳ ಮೌಲ್ಯಾಂಕನಕ್ಕೆಂದು 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯು ಒಬ್ಬ ಮಾರ್ಗದರ್ಶಕರಿಗೆ ಎಷ್ಟು ವಿದ್ಯಾರ್ಥಿಗಳೆಂಬ ಲೆಕ್ಕವನ್ನು ಕೇಳುವುದರಿಂದ ‘ಮೆಂಟರ್ ಪುಸ್ತಕ’ವೇನೋ ಹುಟ್ಟಿಕೊಂಡಿದೆ, ಆದರೆ ಅದನ್ನು ತೆರೆದು ನೋಡಿದರೆ, ವರ್ಷವಿಡೀ ಬೀಳಬೇಕಾದ ರುಜುಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಮಧ್ಯಾಹ್ನ ಬಿದ್ದಂತೆ ತೋರುವುದುಂಟು, ಸಮಸ್ಯೆಯ ಅಂಕಣದಲ್ಲಿ ‘ಇಲ್ಲ’, ಸಲಹೆಯ ಅಂಕಣದಲ್ಲಿ ‘ಚೆನ್ನಾಗಿ ಓದು’. ಅಧ್ಯಾಪಕರನ್ನು ದೂರಿ ಫಲವಿಲ್ಲ. ವೇಳಾಪಟ್ಟಿಯಲ್ಲಿ ಎಡೆಯಿಲ್ಲದ ಕರ್ತವ್ಯ ಕಾಗದದ ಮೇಲಷ್ಟೇ ನೆರವೇರೀತು.

ಕಾಗದದಾಚೆಗೆ ಮಕ್ಕಳ ನಡುವೆಯೇ ಬಾಳಿದ ಅಧ್ಯಾಪಕರೊಬ್ಬರ ನಿದರ್ಶನ ನಮ್ಮ ಹಾದಿಯಲ್ಲೇ ಇದೆ. ಗೌರಿಬಿದನೂರಿನ ಹಾದಿಯು ದೊಡ್ಡಬಳ್ಳಾಪುರ, ಯಲಹಂಕಗಳನ್ನು ಹಾದು ನಮ್ಮ ಹೆಬ್ಬಾಳಕ್ಕೇ ಬಂದು ಸೇರುತ್ತದೆ. ಆ ಸೀಮೆಯ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಜನಿಸಿ, ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದ ಎಚ್. ನರಸಿಂಹಯ್ಯನವರು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಆದರೂ ಅವರು ವಾಸವಾಗಿದ್ದುದು ಬಸವನಗುಡಿಯ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ, ಹುಡುಗರ ನಡುವೆ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಉಪನ್ಯಾಸ ಕೇಳಲು ಹಾಜರಿಯ ಬಲವಂತವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಎಲ್ಲ ಅಧ್ಯಾಪಕರೂ ಹಾಸ್ಟೆಲಿನಲ್ಲೇ ಬಾಳಬೇಕೆಂಬುದು ನಮ್ಮ ಹಟವಲ್ಲ (ಅವರಿಗೂ ಸಂಸಾರವುಂಟು). ನರಸಿಂಹಯ್ಯನವರು ತೋರಿದ ಸಾಮೀಪ್ಯದ ಒಂದಂಶವಾದರೂ ನಮ್ಮ ಮಕ್ಕಳಿಗೆ ದೊರೆಯಲಿ ಎಂದಷ್ಟೇ ನಮ್ಮ ಬೇಡಿಕೆ.

ಒಬ್ಬ ಅಧ್ಯಾಪಕರಿಗೆ ಇಪ್ಪತ್ತಕ್ಕೆ ಮೀರದ ವಿದ್ಯಾರ್ಥಿಗಳಿರಲಿ. ವ್ಯಾಸಂಗ ಮುಗಿಯುವವರೆಗೂ ಅವರೇ ಮಾರ್ಗದರ್ಶಕರಾಗಿರಲಿ. ವಾರಕ್ಕೊಂದು ಗಂಟೆ ವೇಳಾಪಟ್ಟಿಯಲ್ಲೇ ಮೀಸಲಾಗಿ, ಅದು ಅವರ ಬೋಧನೆಯ ಲೆಕ್ಕಕ್ಕೆ ಸೇರಲಿ. ‘ಸಿಲಬಸ್ಸೇ ಮುಗಿಯದು’ ಎಂಬ ಆಕ್ಷೇಪ ಬಂದೇ ಬರುತ್ತದೆ. ಮನಸ್ಸು ಎಲ್ಲೋ ನೆಟ್ಟಿರುವ ಮಗುವಿನ ಪಾಲಿಗೆ ಸಿಲಬಸ್ಸು ಮೊದಲಾಗಿಯೇ ಇರುವುದಿಲ್ಲ. ಆ ಗಂಟೆಯಲ್ಲಿ ಹುಡುಗಿಯೊಬ್ಬಳು ನಂಬಿ ಹೇಳಿಕೊಂಡದ್ದು ಸ್ಟಾಫ್ ರೂಮಿನ ಹರಟೆಯಾಗಕೂಡದು. ಅಧ್ಯಾಪಕರ ಕೈಮೀರಿದ ಸಂಕಟಕ್ಕೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಇದೆ, ಅದನ್ನು ಪ್ರತಿ ತರಗತಿಯ ಗೋಡೆಯ ಮೇಲೂ ಬರೆಸಬೇಕು.

ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ದಯಮಾಡಿ ಪ್ರಿನ್ಸಿಪಾಲರನ್ನು ಕೇಳಿರಿ: ನಮ್ಮ ಮಗುವಿನ ಮಾರ್ಗದರ್ಶಕರು ಯಾರು? ಅವರೊಡನೆ ಕುಳಿತು ಮಾತನಾಡಲು ಗೊತ್ತುಪಡಿಸಿರುವ ದಿನ ಯಾವುದು, ಗಂಟೆ ಯಾವುದು?